ಮೊಳಕಾಲ ಕೆಳಗಿನ ಗಾಯ

ಎರಡನೆಯ ಮಹಾಯುದ್ಧ ಶುರುವಾಗಿ ದಾಂಡೇಲಿ ಕಾಡಿನಲ್ಲಿ ಮರ ಕಡಿಯುವ ಕೆಲಸ ಜೋರಾಗಿತ್ತು. ಕೊಡಲಿ ಜಾರಿ ಶಿವಲಿಂಗಪ್ಪನ ಬಲ ಮೊಳಕಾಲ ಕೆಳಗೆ ಎಲುಬು ಕಾಣುವಷ್ಟು ಗಾಯವಾಯಿತು. ಜೊತೆಗಾರರು ಅವನನ್ನು ಕೋಗಿಲಬನದ ಗುಡಿಸಲಿಗೆ ಹೊತ್ತು ತಂದು ಮಲಗಿಸಿದರು. ಹೆಂಡತಿ ಹೊಳೆವ್ವ ಆ ಕಾಲನ್ನೇ ನೋಡುತ್ತ ನಿಂತಳು. ಹಿಂದಿನ ಮಳೆಗಾಲದಲ್ಲಿ ಅದೇ ಕಾಲಿನಿಂದ ಅವನು ಒದ್ದಾಗ ಅವಳ ಹೊಟ್ಟೆಯಲ್ಲಿದ್ದ ಕೂಸು ಹೋಗಿತ್ತು.

ಹಳಿಯಾಳದಿಂದ ಬಂದ ಡಾಕ್ಟರ್ ಶಮಶುದ್ದೀನ ಗಾಯ ತೊಳೆದು ಕಟ್ಟಿದರು. ಗುಡಿಸಲ ಹೊರಗೆ ಬಂದು ಹೊಳೆವ್ವನ ಕೈಗೆ ರೋಗದ ಹುಳ ಕೊಲ್ಲುವ ಕಾರ್ಬಾಲಿಕ್ ಔಷಧದ ಬಾಟಲಿ ಕೊಟ್ಟರು.

“ಇದು ನೀರಾಗ ಬೆರೆಸಿ ಪಟ್ಟಿ ಅರಿವಿ ನೆನಸಾಕಷ್ಟ ನೋಡವ್ವ. ಗಾಯಕ್ಕ ಉಪ್ಪಿನ ನೀರ ಸಾಕು. ರಕ್ತದಾಗ ಬಿಳಿ ಕಣ ಇರ್ತಾವ. ಅವು ಹೊಲಸ ತಿಂದು ಗಾಯ ಸ್ವಚ್ಛ ಮಾಡ್ತಾವ, ಹೊಸ ಮಾಂಸ ಬೆಳ್ಯಾಕ ಹಾದಿ ಮಾಡಿಕೊಡ್ತಾವ.”

“ಗಾಯಕ್ಕ ಇದನ್ನ ಹಾಕಿದ್ರ ಏನಾಗ್ತೈತ್ರಿ?”

“ರೋಗದ ಹುಳಕ್ಕಿಂತ ಮೊದಲ ಆ ಕಣಾನ ಸಾಯ್ತಾವ. ಗಾಯ ಮಾಯೂದಿಲ್ಲ.”

ಕೆಲವು ದಿನಗಳಲ್ಲಿ ಕೀವು ಇಳಿಯಿತು. ಗಾಯದ ತಳದಿಂದ ಕೆಂಪು ಮಾಂಸ ಏಳತೊಡಗಿತು. ಶಿವಲಿಂಗಪ್ಪನ ದನಿಯೂ ಎದ್ದಿತು.

“ನೀರ ಕೊಡಾಕ ಇಷ್ಟೊತ್ತೇನ? ನಾ ಎದ್ದ ಮ್ಯಾಲ ಐತಿ ನಿನಗ.”

ಮರುದಿನ ಬೆಳಿಗ್ಗೆ ಹೊಳೆವ್ವ ಪಟ್ಟಿ ಬಿಚ್ಚಿ, ಆ ಕೆಂಪು ಮಾಂಸದ ಮೇಲೆ ನೀರು ಬೆರೆಸದ ಕಾರ್ಬಾಲಿಕ್ ಸುರಿದಳು. ಅವನು ಚೀರಿದ. ಮಾಂಸ ಬೆಂದಂತೆ ಬಿಳಿಚಿಕೊಂಡಿತು.

“ಏನ ಹಾಕಿದಿ?”

“ಡಾಕ್ಟರು ಕೊಟ್ಟಿದ್ದರೀ. ತಡಕೋರಿ.”

ಆಮೇಲೂ ಹೊಸ ಮಾಂಸ ಚಿಗುರಿದಂತೆ ಕಂಡಾಗಲೆಲ್ಲ ಸುರಿದಳು. ಅವನ ಚೀರಾಟ ಕೇಳಿ ಬಂದ ನೆರೆಮನೆಯ ತಾಯವ್ವ, “ಇಂಥಾ ಸೇವಾ ಯಾರ ಮಾಡ್ತಾರ? ಪುಣ್ಯಾ ಮಾಡಿದ್ದಿ ಶಿವಲಿಂಗಪ್ಪಾ” ಎಂದಳು.

ಡಾಕ್ಟರು ಮತ್ತೆ ಬಂದಾಗ ಕಾಲು ಬಾತು ಕಪ್ಪಾಗಿತ್ತು. ಪಟ್ಟಿಗಳಿಂದ ಬರಬೇಕಾದ ಕಾರ್ಬಾಲಿಕ್ ವಾಸನೆಯೇ ಬರುತ್ತಿತ್ತು; ಅವರಿಗೆ ಅನುಮಾನ ಬರಲಿಲ್ಲ.

“ಇಂಥಾ ಗಟ್ಟಿ ಆಳಿಗೆ ಹಿಂಗ್ಯಾಕಾತು?” ಎಂದು ತಲೆ ಅಲ್ಲಾಡಿಸಿದರು. ಹೊಳೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ತಿಳಿದು ಅವರೇ ಸಮಾಧಾನ ಹೇಳಿದರು.

ಧಾರವಾಡದಲ್ಲಿ ಕಾಲು ಕತ್ತರಿಸಿದರು. ಮನೆಗೆ ಬಂದವನ ದನಿ ಕೂಸಿನದಾಗಿತ್ತು. ಅವಳ ಸೆರಗು ಹಿಡಿದು ಬಿಡುತ್ತಿರಲಿಲ್ಲ.

“ನನ್ನ ಬಿಟ್ಟ ಹೋಗೂದಿಲ್ಲ ಅನ್ನು.”

ಇಂಥ ದಿನ ಬಂದರೆ ಜೀವ ಹಗುರಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಮರುಕವೂ ಹುಟ್ಟಲಿಲ್ಲ. ಸೆರಗು ಬಿಡಿಸಿಕೊಂಡು, ರೊಟ್ಟಿಯ ತಾಟನ್ನು ಅವನ ಕೈಗೆಟುಕದಷ್ಟು ದೂರ ಇಟ್ಟು, ಕೊಡ ಎತ್ತಿಕೊಂಡು ಹೊಳೆಗೆ ಹೊರಟಳು. ಹಿಂದೆ ಅವನು ನೆಲದ ಮೇಲೆ ತೆವಳುವ ಸಪ್ಪಳ ಕೇಳಿಸಿತು.