ಹಿಂದಿನ ಕಿಟಕಿಯ ಟಾಟಾ

ಲಿಫ್ಟ್ ರಿಪೇರಿ ಮಾಡುವ ಅವನ ಕಿವಿ ಬಲು ಚುರುಕು ಎಂದು ಜೊತೆಯ ಕೆಲಸಗಾರರೆಲ್ಲ ಹೇಳುತ್ತಿದ್ದರು. ಮೇಲೆ ಮೋಟರು ಕೋಣೆಯಲ್ಲಿ ಒಂದು ಬೋಲ್ಟು ಸಡಿಲವಾದರೆ ಸಾಕು, ಕೆಳಗಿನ ಗುಂಡಿಯಲ್ಲಿ ನಿಂತೇ ಪತ್ತೆ ಹಚ್ಚಿಬಿಡುತ್ತಿದ್ದ. ಆ ಬಗ್ಗೆ ಅವನಿಗೆ ಒಂಚೂರು ಜಂಬವೂ ಇತ್ತು. ಅದಕ್ಕೇ ಆವತ್ತು ಮಧ್ಯಾಹ್ನ ನಡೆದದ್ದನ್ನು ನೆನೆಸಿಕೊಂಡರೆ ಅವನಿಗೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ರಜೆಯಲ್ಲಿ ನ್ಯಾಷನಲ್ ಪಾರ್ಕುಗಳನ್ನೆಲ್ಲ ಸುತ್ತಿ ಬರುವ ಯೋಚನೆ ಪೂರ್ತಿ ಅವನದೇ. ಹೋಟೆಲಿನ ಗೊಡವೆಯಿಲ್ಲ, ಗಂಟುಮೂಟೆ ಹೊತ್ತು ತಿರುಗುವ ರಗಳೆಯಿಲ್ಲ, ಮನೆಯೇ ನಮ್ಮ ಜೊತೆ ಬರುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದ. ಮನೆಯೇನೋ ಜೊತೆಗೆ ಬಂತು. ಮನೆಯ ಜೊತೆ ಮನೆಗೆಲಸವೂ ಹತ್ತಿ ಕೂತಿತು. ಎರಡೇ ಉರಿಯ ಒಲೆ, ಮೊಣಕೈ ಆಡಿಸಲೂ ಜಾಗವಿಲ್ಲದ ಸಿಂಕು, ಮಡಚಿದರೆ ಊಟದ ಮೇಜು, ಬಿಡಿಸಿದರೆ ಹಾಸಿಗೆ. ಯಾರಾದರೂ ಮಲಗಬೇಕೆಂದರೆ ಇನ್ನೊಬ್ಬರು ಎದ್ದು ನಿಲ್ಲಬೇಕು. ಪರದೆ ಎಳೆದು ಒಬ್ಬರೇ ಇರಬಹುದಾದ ಜಾಗವೆಂದರೆ ಹಿಂಬದಿಯಲ್ಲಿ, ಹಿಂಬಾಗಿಲಿನ ಒಂದು ಪಕ್ಕಕ್ಕಿದ್ದ ಮಂಚ ಮಾತ್ರ. ಅದರ ಎದುರಿನ ಮೂಲೆಯಲ್ಲಿ ಬಟ್ಟೆಬ್ಯಾಗುಗಳ ಗುಡ್ಡೆ, ಗುಡ್ಡೆಯ ಮೇಲೆ ಚಿಕ್ಕ ಮಗಳು ಗುಬ್ಬಿಯ ಠಿಕಾಣಿ. ಅಲ್ಲೊಂದು ಪುಟ್ಟ ಕಿಟಕಿಯಿತ್ತು. ಹಿಂದೆ ಸರಿಯುವ ರಸ್ತೆಯನ್ನು ನೋಡುತ್ತಾ ಅವಳು ಸಿಕ್ಕ ಸಿಕ್ಕ ಮರಕ್ಕೂ ಟಾಟಾ ಮಾಡುತ್ತಿದ್ದಳು.

ಹೆಂಡತಿಗೆ ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೆಲಸ. ಎರಡು ಫೋನು, ಗಾಜಿನಲ್ಲಿ ಒಂದು ಅರ್ಧಚಂದ್ರದ ಕಿಂಡಿ, ಕಿಂಡಿಯಾಚೆ ಮುಗಿಯದ ಸಾಲು. ಎಕ್ಸ್‌ರೇ ಎಲ್ಲಿ, ಡಾಕ್ಟರು ಬಂದ್ರಾ, ನಮ್ಮಪ್ಪನ್ನ ಯಾವ ವಾರ್ಡಿಗೆ ಹಾಕಿದ್ದೀರಿ. ಅಲ್ಲಿ ಉತ್ತರ ಹೇಳಿ ಸುಸ್ತಾಗಿ ಮನೆಗೆ ಬಂದರೆ ಇಲ್ಲಿ ಇನ್ನೊಂದು ಕೌಂಟರು ತೆರೆದುಕೊಳ್ಳುತ್ತಿತ್ತು. ಅಮ್ಮಾ ನನ್ನ ಸಾಕ್ಸ್ ಎಲ್ಲಿ, ಲೇ ನನ್ನ ಟೆಸ್ಟರ್ ನೋಡಿದ್ಯಾ, ನನ್ನ ಕನ್ನಡಕ ಎಲ್ಲಿ ನೋಡಮ್ಮಾ ಎಂದು ಅತ್ತೆ. ಎಲ್ಲದಕ್ಕೂ ಅವಳ ಹತ್ತಿರ ಉತ್ತರವಿರುತ್ತಿತ್ತು. ಗಾಡಿಯಲ್ಲೂ ಅದೇ ಕತೆ. ಟಾರ್ಚು ಯಾವ ಗೂಡಿನಲ್ಲಿದೆ, ಟೀ ಪುಡಿ ಯಾವ ಡಬ್ಬಿಯಲ್ಲಿದೆ ಎಂದು ಅವಳಿಗೊಬ್ಬಳಿಗೇ ಗೊತ್ತು.

ಆವತ್ತು ಮೊದಲ ಪಾರ್ಕಿನ ಹುಲ್ಲುಗಾವಲು ದಾಟಿ ಎರಡನೆಯದರ ದಟ್ಟ ಕಾಡಿಗೆ ಬಂದಿದ್ದರು. ಊಟದ ಪಾತ್ರೆ ತೊಳೆದಿಟ್ಟು ಅವಳು, "ನಾನೊಂದು ಗಳಿಗೆ ಮಲಗ್ತೀನಿ, ದಯವಿಟ್ಟು ಯಾರೂ ಕರೀಬೇಡಿ" ಎಂದು ಪರದೆ ಎಳೆದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಒಂದು ಕೆರೆಯಂಚಿನಲ್ಲಿ ಶೌಚಾಲಯ, ನೀರಿನ ನಲ್ಲಿ, ಕಲ್ಲುಬೆಂಚು ಕಂಡವು. ಅವನು ಗಾಡಿ ನಿಲ್ಲಿಸಿದ. ಅವನ ತಾಯಿ ಮೊಣಕಾಲು ಹಿಡಿದುಕೊಂಡು ಇಳಿದರು, ದೊಡ್ಡ ಮಗಳು ಗುಬ್ಬಿಯ ಕೈ ಹಿಡಿದು ಇಳಿದಳು. ಎಲ್ಲರೂ ಹೋಗಿ ಬಂದರು. ಅವನು ಟ್ಯಾಂಕಿಗೆ ನೀರು ತುಂಬಿಸಿ, ಬಾನೆಟ್ ಎತ್ತಿ ಇಂಜಿನ್ನಿಗೊಮ್ಮೆ ಕಿವಿಗೊಟ್ಟು ಕೇಳಿ, ಸೀಟಿಗೆ ಬಂದು ಕೂತ.

"ಎಲ್ಲಾ ಬಂದ್ರಾ?"

"ಬಂದ್ವಪ್ಪ, ಹೊರಡು" ಎಂದರು ತಾಯಿ.

ಗಾಡಿ ಹೊರಟಿತು. ಹೆಂಡತಿಗೆ ಎಚ್ಚರವಾಗಿದ್ದರೆ ಕೇಳಿಸಲಿ ಎಂದು ಅವನು ದಾರಿಯುದ್ದಕ್ಕೂ ಗಂಟಲು ಎತ್ತರಿಸಿ ಮಾತಾಡಿದ. ಮುಂದಿನ ಪಾರ್ಕಿನಲ್ಲಿ ಒಂದು ದಿನ ಜಾಸ್ತಿ ಉಳಿಯೋಣ ಎಂದ. ಒಲೆಯ ಮೇಲಿನ ಗೂಡು ಗಲಗಲ ಎನ್ನುತ್ತಿದೆ, ಅದಕ್ಕೊಂದು ಬಟ್ಟೆ ತುರುಕಿಬಿಡು ಎಂದ. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನೂ ತೆಗೆದ.

"ನೋಡು, ಅಮ್ಮನ ಮಂಡಿ ಆಪರೇಷನ್ ಆದ್ಮೇಲೆ ತಮ್ಮನ ಮನೆಗೆ ಕಳ್ಸೋದು ಬೇಡ. ನಮ್ಮನೇಲೇ ಇದ್ಬಿಡ್ಲಿ. ನೀನು ಹೇಗೂ ರಜೆ ಉಳಿಸ್ಕೊಂಡಿದ್ದೀಯಲ್ಲ, ಅದನ್ನ ಹಾಕ್ಬಿಡು. ಏನಂತೀಯಾ?"

ಪರದೆಯ ಹಿಂದಿನಿಂದ ಸದ್ದಿಲ್ಲ.

"ಆಯ್ತು ಬಿಡು, ಹಾಗೇ ಮಾಡೋಣ" ಎಂದು ಅವನೇ ಮುಗಿಸಿದ. ತಾಯಿ ಪಕ್ಕದ ಸೀಟಿನಲ್ಲಿ ಕೂತು ಮಗನ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು.

ಒಂದು ತಿರುವಿನಲ್ಲಿ ಜಿಂಕೆಗಳ ದೊಡ್ಡ ಹಿಂಡು ರಸ್ತೆಗೆ ಅಡ್ಡ ನಿಂತಿತ್ತು. ಅವನು ಇಂಜಿನ್ ಆರಿಸಿ ಪಿಸುಗುಟ್ಟಿದ, "ಅಮ್ಮನ್ನ ಎಬ್ಬಿಸೇ. ಇದನ್ನ ನೋಡ್ದೇ ಹೋದ್ರೆ ಆಮೇಲೆ ನನ್ನೇ ಬೈತಾಳೆ."

ದೊಡ್ಡ ಮಗಳು ಹೋಗಿ ಪರದೆ ಸರಿಸಿದಳು. ಅವಳ ದನಿ ಬಂದದ್ದು ಸ್ವಲ್ಪ ತಡವಾಗಿ.

"ಅಪ್ಪಾ... ಅಮ್ಮ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

ಮಂಚದ ಮೇಲೆ ಹೊದಿಕೆ ಉಬ್ಬಿಕೊಂಡು ಬಿದ್ದಿತ್ತು, ಒಳಗೊಂದು ದಿಂಬು. ಅವನು ಹೊದಿಕೆ ಕೊಡವಿದ. ಮಂಚದ ಕೆಳಗೆ ಬಗ್ಗಿ ನೋಡಿದ. ಬೀರುವಿನಷ್ಟೇ ಅಗಲದ ಬಚ್ಚಲಿನ ಬಾಗಿಲು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಬುದ್ಧಿ ನೆಟ್ಟಗಿಲ್ಲದವನಂತೆ ಪಾತ್ರೆ ಇಡುವ ಗೂಡನ್ನೂ ತೆರೆದು ನೋಡಿದ. ದಿಂಬಿನಡಿ ಅವಳ ಫೋನು ಸಿಕ್ಕಿತು. ಅಷ್ಟರಲ್ಲಿ ಅವನ ಕಣ್ಣು ಹಿಂಬಾಗಿಲ ಚಿಲಕದ ಮೇಲೆ ಬಿತ್ತು. ಅದು ಹಾಕಿರಲಿಲ್ಲ. ನಿದ್ದೆಗಣ್ಣಿನಲ್ಲಿ ಎದ್ದು, ಓಡುವ ಗಾಡಿಯಿಂದ... ಅವನು ಬಟ್ಟೆಬ್ಯಾಗುಗಳ ಮೇಲೆ ಕುಸಿದ.

ಗುಬ್ಬಿ ತನ್ನ ಜಾಗ ಹೋಯಿತೆಂದು ಮುಖ ಊದಿಸಿಕೊಂಡು, "ಅಮ್ಮ ಕೆರೆ ಹತ್ರಾನೇ ಇದ್ದಾಳಲ್ಲ" ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ನಾವು ಹೊರಟಾಗ ಅಲ್ಲೇ ನಿಂತಿದ್ಳು. ನಂಗೆ ಟಾಟಾ ಮಾಡಿದ್ಳು. ನಾನೂ ಮಾಡ್ದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ, ಬಂಗಾರಿ?" ಎಂದು ಅಜ್ಜಿ ಎದೆ ಹಿಡಿದುಕೊಂಡರು.

"ಯಾರೂ ಕೇಳ್ಲೇ ಇಲ್ವಲ್ಲ."

ಅವನು ಸ್ಟೇರಿಂಗಿಗೆ ಹಾರಿದ. ರಸ್ತೆ ಕಿರಿದು, ಒಂದು ಪಕ್ಕ ಚರಂಡಿ, ಇನ್ನೊಂದು ಪಕ್ಕ ಇಳಿಜಾರು. ದೊಡ್ಡ ಮಗಳು ಇಳಿದು, ಅಳುತ್ತಲೇ, "ಬನ್ನಿ, ಬನ್ನಿ, ಸಾಕು ಸಾಕು" ಎಂದು ಕೈ ತೋರಿಸಿದಳು. ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿ ಆ ಆನೆಯಂಥ ಗಾಡಿಯನ್ನು ತಿರುಗಿಸುವ ಹೊತ್ತಿಗೆ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಜಿಂಕೆಗಳು ಕತ್ತು ಎತ್ತಿ ಈ ಪೀಕಲಾಟವನ್ನು ನೋಡುತ್ತಾ ನಿಂತಿದ್ದವು.

ಬರುವಾಗ ಕಣ್ಣಿಗೇ ಬೀಳದ ಫಲಕಗಳು ಹೋಗುವಾಗ ಒಂದೊಂದೂ ಎದ್ದು ಬಂದವು. ಕರಡಿ ಓಡಾಡುವ ಜಾಗ, ವಾಹನದಿಂದ ಇಳಿಯಬೇಡಿ. ಕೆರೆ ಆಳವಿದೆ. ಒಬ್ಬೊಬ್ಬರೇ ನಡೆಯಬೇಡಿ. ಒಬ್ಬಳೇ, ಫೋನಿಲ್ಲ, ಕೈಯಲ್ಲಿ ಏನೂ ಇಲ್ಲ. ಅವಳು ಇಲ್ಲದ ಗಾಡಿಯಲ್ಲಿ ಅವಳ ಜೊತೆ ಅಷ್ಟು ಹೊತ್ತು ಮಾತಾಡಿದೆನಲ್ಲ, ಉತ್ತರ ಬರಲಿಲ್ಲವೆಂದು ಒಂದು ಸಲವಾದರೂ ಅನುಮಾನ ಬರಲಿಲ್ಲವಲ್ಲ ಎಂಬುದು ಕರಡಿಗಿಂತ ಹೆಚ್ಚಾಗಿ ಅವನನ್ನು ಹೆದರಿಸಿತು.

ಕೆರೆಯಂಚಿನಲ್ಲಿ ನರಪಿಳ್ಳೆಯಿರಲಿಲ್ಲ. ಶೌಚಾಲಯದ ಬಾಗಿಲುಗಳೆಲ್ಲ ತೆರೆದಿದ್ದವು. ಕಲ್ಲುಬೆಂಚು ಖಾಲಿ. ನೀರಿಗೆ ತಾಗಿದ ಬಂಡೆಯ ಮೇಲೆ ಒಂದು ಜೊತೆ ಚಪ್ಪಲಿ ಒಪ್ಪವಾಗಿ ಬಿಟ್ಟಿತ್ತು. ನೀಲಿ ಪಟ್ಟಿ, ಎಡಗಾಲಿನದರ ಹಿಮ್ಮಡಿ ಸವೆದದ್ದು.

ದೊಡ್ಡ ಮಗಳು ಚೀರಿದಳು. ಅವನು ಬೂಟು ಸಮೇತ ನೀರಿಗೆ ನುಗ್ಗಿದ. ಸೊಂಟದವರೆಗೆ ನೀರು ಬಂದರೂ ತಿಳಿಯಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕರೆದು ಎಷ್ಟು ವರ್ಷವಾಗಿತ್ತೋ, ಈಗ ಆ ಹೆಸರನ್ನು ಕಾಡೆಲ್ಲ ಮೊಳಗುವಂತೆ ಕೂಗಿದ.

"ಯಾರ್ರೀ ಅದು? ನೀರಿಗಿಳೀಬಾರ್ದು ಅಂತ ಬೋರ್ಡ್ ಹಾಕಿದ್ದೀವಲ್ಲ, ಕಾಣಲ್ವಾ?"

ಖಾಕಿ ತೊಟ್ಟ ಕಾವಲುಗಾರ್ತಿ ಮರಗಳ ನಡುವಿನಿಂದ ದಡಬಡ ಬಂದಳು.

"ನನ್ನ ಹೆಂಡ್ತಿ! ಚಪ್ಪಲಿ ಇಲ್ಲಿದೆ, ಅವಳಿಲ್ಲ!"

"ಓ, ಅವ್ರು ನಿಮ್ಮೋರಾ?" ಆಕೆಯ ಸಿಟ್ಟು ಇಳಿಯಿತು. "ಮೇಲೆ ಅಟ್ಟಣೆಯಲ್ಲಿ ಮಲಗಿದ್ದಾರೆ. ಮೊದ್ಲು ಆಚೆ ಬನ್ನಿ."

ಮರಗಳ ಮರೆಯಲ್ಲಿ ಕಾವಲು ಅಟ್ಟಣೆಯಿತ್ತು. ಮರದ ಮೆಟ್ಟಿಲು, ಮೇಲೊಂದು ಹಲಗೆಯ ಕೋಣೆ. ನೀರು ಸೋರಿಸುತ್ತಾ ಅವನು ಏದುಸಿರಿನಲ್ಲಿ ಕೇಳಿದ, "ನಿಮ್ಮ ಹತ್ರ ವೈರ್‌ಲೆಸ್ ಇದ್ಯಲ್ಲ, ನಮಗೆ ಯಾಕೆ ತಿಳಿಸ್ಲಿಲ್ಲ?"

"ಮುಂದಿನ ಗೇಟಿಗೆ ಹೇಳ್ತೀನಿ ಅಂದೆ ಸಾರ್. ಅವ್ರೇ ಬೇಡ ಅಂದ್ರು. ನಿಧಾನಕ್ಕೆ ಹೇಳೋಣ, ಸ್ವಲ್ಪ ಮಲಗೋಕೆ ಜಾಗ ಕೊಡಿ ಅಂದ್ರು. ಆದ್ರೂ ಗೇಟಿಗೆ ನಾನು ಹೇಳಿಟ್ಟಿದ್ದೀನಿ. ನೀವು ಗೇಟ್ ತನಕ ಹೋಗಿರ್ಲಿಲ್ಲ ಅಷ್ಟೆ."

ಅವನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡ. ಅವನ ಕಿವಿ ತಪ್ಪು ಕೇಳುವಂಥದ್ದಲ್ಲ.

ಮೇಲೆ ಹೋದಾಗ ಅವಳು ಆಗತಾನೇ ಎದ್ದು ಗೋಡೆಗೊರಗಿ ಕೂತಿದ್ದಳು. ಬರಿಗಾಲು, ಕೆದರಿದ ಕೂದಲು, ಕೆನ್ನೆಯ ಮೇಲೆ ಚಾಪೆಯ ಗೆರೆ. ಅಷ್ಟು ತಿಳಿಯಾದ ಮುಖವನ್ನು ಅವನು ನೋಡಿ ಬಹಳ ಕಾಲವಾಗಿತ್ತು.

"ಬಂದ್ಬಿಟ್ರಾ?" ಎಂದಳು.

"ಬಂದ್ಬಿಟ್ರಾ ಅಂತೀಯಲ್ಲೇ! ಕೆರೆಗೆ ಹಾರ ಅಂತ... ಚಪ್ಪಲಿ ನೋಡಿ ನಾನು... ನನ್ನ ಜೀವ ಬಾಯಿಗೆ ಬಂದಿತ್ತು!"

"ಅಯ್ಯೋ, ಗಾಡಿ ನಿಂತಾಗ ಎಚ್ಚರ ಆಗಿ ಹಿಂಬಾಗಿಲಿಂದ ಇಳಿದಿದ್ದೆ, ಕಾಲು ತೊಳ್ಕೊಂಡು ಚಪ್ಪಲಿ ಅಲ್ಲೇ ಮರೆತುಬಿಟ್ಟೆ. ನೀವು ನೆಂದಿದ್ದೀರಿ, ಅಂಗಿ ಬಿಚ್ಚಿ."

"ಅಂಗಿ ಹಾಳಾಗ್ಲಿ. ಗಾಡಿ ಹೊರಟಿದ್ದು ನೋಡಿದ್ಯಲ್ಲ? ಗುಬ್ಬಿ ಹೇಳಿದ್ಳು. ಕೂಗೋಕೆ ಏನಾಗಿತ್ತು? ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿರ್ಲಿಲ್ವಾ ನಾನು?"

ಅವಳು ಮೊಣಕಾಲು ತಬ್ಬಿಕೊಂಡಳು. ಸುಳ್ಳು ಹೇಳುವುದಾದರೆ ಹೇಳಬಹುದಿತ್ತು. ಕೂಗಿದೆ, ನಿಮಗೆ ಕೇಳಿಸಲಿಲ್ಲ ಎಂದಿದ್ದರೆ ಅವನು ನಂಬಿಬಿಡುತ್ತಿದ್ದ, ಬಹುಶಃ ನಂಬಲು ಕಾಯುತ್ತಲೂ ಇದ್ದ.

"ಕೂಗಬಹುದಿತ್ತು" ಎಂದಳು. "ನಿಲ್ಲಿಸಿ ಅಂತ ಕೈ ಎತ್ತಿದ್ದೆ ಕೂಡ. ಅಷ್ಟರಲ್ಲಿ ಗುಬ್ಬಿ ಕಿಟಕಿಯಿಂದ ಟಾಟಾ ಮಾಡಿದ್ಳು. ನನ್ನ ಕೈ ಎತ್ತೇ ಇತ್ತಲ್ಲ, ಅದೂ ಟಾಟಾ ಮಾಡ್ಬಿಡ್ತು."

"ಮಾಡ್ಬಿಡ್ತು ಅಂದ್ರೆ?"

"ನಂಗೂ ಗೊತ್ತಿಲ್ಲ ರೀ. ಗಾಡಿ ತಿರುವು ದಾಟಿದ್ಮೇಲೆ ಏನೂ ಸದ್ದೇ ಇರ್ಲಿಲ್ಲ. ಯಾರೂ ಏನೂ ಕೇಳ್ತಿರ್ಲಿಲ್ಲ. ನೀವೆಲ್ಲ ಗಾಬರಿ ಆಗ್ತೀರಿ ಅಂತ ಆಮೇಲೆ ಹೊಳೀತು. ತಪ್ಪು ಅಂತಾನೂ ಅನ್ನಿಸ್ತು. ಆದ್ರೂ ಕಣ್ಣು ಎಳೀತಿತ್ತು, ಬಂದು ಮಲಗ್ಬಿಟ್ಟೆ." ಅವನ ಮುಖ ನೋಡಿ ಮೆಲ್ಲಗೆ ಸೇರಿಸಿದಳು, "ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ಬೇಗ ಬರ್ತೀರಿ ಅಂದ್ಕೊಂಡಿರ್ಲಿಲ್ಲ."

ಅವನು ಗೋಡೆ ಹಿಡಿದು ಕೂತ. ಕರಡಿ, ಕೆರೆ, ಓಡುವ ಗಾಡಿ, ದಾರಿಯುದ್ದಕ್ಕೂ ಏನೇನೋ ಕಲ್ಪಿಸಿಕೊಂಡು ಬಂದಿದ್ದ. ಇದೊಂದನ್ನು ಕಲ್ಪಿಸಿಕೊಂಡಿರಲಿಲ್ಲ. ಬೈಯಲು ಬಾಯಿ ತೆರೆದರೆ ಅಳು ಬಂತು. ಅವಳು ಎದ್ದು ಬಂದು, ಅವನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿದಳು. ಕ್ಷಮಿಸಿ ಎಂದು ಮಾತ್ರ ಅನ್ನಲಿಲ್ಲ.

ಕೆಳಗೆ ದೊಡ್ಡ ಮಗಳು ತಾಯಿಯನ್ನು ಅಪ್ಪಿಕೊಂಡು ಬಿಕ್ಕಿದಳು. ಗುಬ್ಬಿ, "ನಂಗೆ ಮೊದ್ಲೇ ಗೊತ್ತಿತ್ತು" ಎಂದು ಬೀಗಿದಳು. ಅವನು ತನ್ನ ತಾಯಿಗೆ ಎಲ್ಲವನ್ನೂ ಹೇಳಿದ. ಈಗ ಅಮ್ಮ ನಾಲ್ಕು ಮಾತು ಆಡುತ್ತಾರೆ, ತನ್ನ ಪರವಾಗಿ ಯಾರಾದರೂ ಆಡಲಿ ಎಂದೇ ಅವನ ಆಸೆ. ಅವರು ಕಲ್ಲುಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನಿಲ್ದಾಗ ಇವನು ನಿನ್ನ ಹತ್ರ ಒಂದು ವಿಷಯ ಕೇಳ್ದ ಕಣಮ್ಮಾ. ನನ್ನ ಆಪರೇಷನ್ನಿಗೆ ನೀನು ರಜೆ ಹಾಕ್ತೀಯಂತೆ, ನಾನು ನಿಮ್ಮನೇಲೇ ಇರ್ತೀನಂತೆ. ಕೇಳ್ದೋನೂ ಅವನೇ, ಒಪ್ಪಿಕೊಂಡೋನೂ ಅವನೇ. ನನ್ನನ್ನೂ ಕೇಳ್ಲಿಲ್ಲ, ನೋಡು. ನಾನು ಚಿಕ್ಕೋನ ಮನೆಗೇ ಹೋಗ್ತೀನಿ. ಅಲ್ಲಿ ನನ್ನ ಗೆಳತಿಯರಿದ್ದಾರೆ, ಇಸ್ಪೀಟಾಡ್ಬಹುದು."

ಅವನಿಗೆ ಒಂದೇ ದಿನ ಎಷ್ಟು ಸಲ ಬೆಕ್ಕಸಬೆರಗಾಗಬೇಕೋ ತಿಳಿಯಲಿಲ್ಲ.

ಮುಂದಿನ ಪಾರ್ಕುಗಳಿಗೆ ಅವರು ಹೋಗಲೇ ಇಲ್ಲ. ರಜೆ ಮುಗಿಯುವವರೆಗೂ ಆ ಕೆರೆಯ ಹತ್ತಿರದ ಬಿಡಾರದಲ್ಲೇ ಗಾಡಿ ನಿಂತಿತು. ಬೆಳಗ್ಗೆ ಎದ್ದು ಅವಳು ಕಾವಲುಗಾರ್ತಿಯ ಜೊತೆ ಅಟ್ಟಣೆಗೆ ಹೋಗಿಬಿಡುತ್ತಿದ್ದಳು. ಟೀ ಪುಡಿ ಎಲ್ಲಿದೆಯೆಂದು ಅವನು ಎಲ್ಲಾ ಡಬ್ಬಿ ತೆಗೆದು ಮೂಸಿ ಮೂಸಿ ಪತ್ತೆ ಮಾಡಿದ. ಒಂದು ದಿನ ಕೋಪದಲ್ಲಿ ಅವಳೊಡನೆ ಮಾತು ಬಿಟ್ಟ. ಅವಳು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲವಾದ್ದರಿಂದ ಸಂಜೆಗೆ ತಾನೇ ಮಾತಾಡಿಸಿದ.

ಊರಿಗೆ ಮರಳಿ ತಿಂಗಳುಗಳೇ ಕಳೆದರೂ ಟಾಟಾ ಮಾಡಿದ ಆ ಕೈ ಅವನನ್ನು ಬಿಡಲಿಲ್ಲ. ಲಿಫ್ಟಿನ ನೆತ್ತಿಯ ಮೇಲೆ ಕೂತು ಹಗ್ಗಕ್ಕೆ ಎಣ್ಣೆ ಹಚ್ಚುವಾಗ ಇದ್ದಕ್ಕಿದ್ದಂತೆ ನೆನಪಾಗಿ, ಹಚ್ಚಿದ ಕಡೆಗೇ ಮತ್ತೆ ಹಚ್ಚುತ್ತಿದ್ದ. ಕೊನೆಗೊಂದು ಭಾನುವಾರ, ಅವಳು ಬಾಗಿಲ ಬಳಿ ತಲೆ ಬಾಚಿಕೊಳ್ಳುತ್ತಿದ್ದಾಗ, ಪಾತ್ರೆ ತೊಳೆಯುತ್ತಿದ್ದ ಅವನು ನಲ್ಲಿ ನಿಲ್ಲಿಸಿ ಕೇಳಿಯೇಬಿಟ್ಟ.

"ನಿಜ ಹೇಳು. ಆವತ್ತು ಕೂಗೋಕೆ ಅಂತ ಬಾಯಾದ್ರೂ ತೆರೆದಿದ್ಯಾ?"

ಅವಳು ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡು ಪ್ರಾಮಾಣಿಕವಾಗಿ ನೆನಪಿಸಿಕೊಂಡಳು.

"ತೆರೆದಿದ್ದೆ ರೀ" ಎಂದಳು. "ಆಕಳಿಕೆ ಬಂತು."