ಎತ್ತಿಗೊಂದು ಸೋಮವಾರ

ಪಾಲಮ್ಮ ಹಳ್ಳದ ಮರಳು ಬಗೆದು ತೆಂಗಿನ ಕರಟದಲ್ಲಿ ನೀರು ಮೊಗೆಯುತ್ತಿದ್ದಳು. ನಾಲ್ಕು ಕರಟ ಮೊಗೆದರೆ ಒರತೆ ಬತ್ತುತ್ತಿತ್ತು. ಮತ್ತೆ ಊರುವ ತನಕ ಕುಕ್ಕರುಗಾಲಲ್ಲಿ ಕೂತು ಕಾಯಬೇಕು. ಒಂದು ಕೊಡ ತುಂಬುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಅವಳ ಹಿಂದೆ ಹಟ್ಟಿಯ ಇಪ್ಪತ್ತು ಹೆಂಗಸರು, ಇಪ್ಪತ್ತು ಕೊಡ.

ಮೊಳಕಾಲ್ಮೂರು ಸೀಮೆಯ ಆ ಹಟ್ಟಿಯಲ್ಲಿ ಬಾವಿಯಿರಲಿಲ್ಲ. ಮೆಂಬರ್ ಇದ್ದ. ಅವನು ಪಾಲಮ್ಮನ ಗಂಡ ಮುದ್ದಪ್ಪ.

ಅವನು ಮೆಂಬರ್ ಆದದ್ದು ಹೀಗೆ. ಹಳ್ಳಿಗಳ ಬಡತನ ಕಳೆಯಬೇಕೆಂದು ಮಹಾರಾಜರ ಸರ್ಕಾರಕ್ಕೆ ಮನಸ್ಸಾಯಿತು. ಊರಿಗೊಂದು ಗ್ರಾಮ ಸುಧಾರಣೆಯ ಕಮಿಟಿ ಆಗಬೇಕು, ಮನೆಗೊಂದು ಆಳು ವಾರಕ್ಕೆ ಅರ್ಧ ದಿನ ಪುಕ್ಕಟೆ ದುಡಿಯಬೇಕು, ರಸ್ತೆ, ಬಾವಿ ಮಾಡಿಕೊಳ್ಳಬೇಕು ಎಂದು ಹುಕುಂ ಬಂತು. ಪಟೇಲ ನಾಗೇಂದ್ರಪ್ಪ ಚೇರ್ಮನ್ ಆದ. ಬಡವರ ಕಡೆಯವನೂ ಒಬ್ಬ ಇರಬೇಕು ಎಂದಾಗ ನಾಗೇಂದ್ರಪ್ಪ ತನ್ನ ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಎರಡು ಎತ್ತುಗಳೂ ಅವುಗಳ ಹಿಂದೆ ಅವನ ಹೊಲ ಉಳುವ ಮುದ್ದಪ್ಪನೂ ಇದ್ದರು. ಎತ್ತುಗಳು ಒಮ್ಮೊಮ್ಮೆ ಕೊಂಬಾಡಿಸುವುದುಂಟು. ತಲೆ ಮಾತ್ರ ಆಡಿಸಲು ಕಲಿತವನು ಮುದ್ದಪ್ಪ.

ಸಭೆಯಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಹುಟ್ಟಿದಾರಭ್ಯ ಬೆಂಚು ಕಾಣದ ಕುಂಡೆ, ತುದಿಯಲ್ಲಿ ನಾಲ್ಕು ಬೆರಳಷ್ಟು ಜಾಗ ಹಿಡಿದು ಕೂತಿತು. ದುಡಿಮೆಗೆ ಯಾವ ದಿನ ಎಂಬ ಮಾತು ಬಂತು. ಮೆಂಬರ್ ಆದಮೇಲೆ ಒಂದು ಮಾತಾದರೂ ಆಡದಿದ್ದರೆ ಹೇಗೆ? ಮುದ್ದಪ್ಪ ಬಾಯಿಬಿಟ್ಟ.

"ಸೋಮವಾರ ಮಾಡ್ರಿ ಗೌಡ್ರೆ. ಅವತ್ತು ಎತ್ತು ಹೂಡಂಗಿಲ್ಲ. ನಾವೂ ಸುಮ್ನೆ ಕುಂತಿರ್ತೀವಿ."

"ಭಲಾ ಮುದ್ದಪ್ಪ! ನಿನ್ ತಲೇಲೂ ಬುದ್ಧಿ ಐತೆ ಕಣಯ್ಯ!"

ನಾಗೇಂದ್ರಪ್ಪ ತನ್ನ ಹಳೆಯ ರುಮಾಲೊಂದನ್ನು ತರಿಸಿ ಅವನ ತಲೆಗೆ ಸುತ್ತಿಸಿದ. ಇದ್ದ ಬುದ್ಧಿ ಆಚೆ ಬಾರದಿರಲೆಂದು ಸುತ್ತಿಸಿದ್ದು ಎಂದು ಮುದ್ದಪ್ಪನಿಗೆ ಹೊಳೆದದ್ದು ಬಹಳ ತಡವಾಗಿ.

ಸೋಮವಾರ ಬಸವಣ್ಣನ ಹೆಗಲಿಗೆ ನೊಗವಿಲ್ಲ. ಅದು ಹಿರಿಯರ ಕಟ್ಟು. ಎತ್ತಿನ ನೆರಳಲ್ಲಿ ಹಟ್ಟಿಯವರಿಗೂ ವಾರಕ್ಕೊಂದು ಬಿಡುವು ಸಿಗುತ್ತಿತ್ತು. ಆ ಒಂದು ದಿನವನ್ನು ಮುದ್ದಪ್ಪ ತನ್ನ ಬಾಯಾರೆ ದಾನ ಕೊಟ್ಟು, ರುಮಾಲು ಸುತ್ತಿಕೊಂಡು, ನಗುತ್ತ ಮನೆಗೆ ಬಂದಿದ್ದ.

ಮೊದಲು ರಸ್ತೆ. ಬಾವಿಯ ಕಲ್ಲು ಸಾಗಿಸಲು ಬೇಕಲ್ಲ! ಅದು ಊರಿಂದ ಹೊರಟು ನಾಗೇಂದ್ರಪ್ಪನ ಹುಣಸೆ ತೋಪಿನಲ್ಲಿ ನಿಂತಿತು. ಆಮೇಲೆ ಬಾವಿ. ಹಟ್ಟಿಯ ನೆಲದಲ್ಲಿ ನೀರಿಲ್ಲ, ತೋಪಿನಲ್ಲೇ ಇರುವುದು ಎಂದು ನೀರು ನೋಡುವವನು ಹೇಳಿದ. ಅವನು ಅಂದು ಉಂಡದ್ದು ನಾಗೇಂದ್ರಪ್ಪನ ಮನೆಯಲ್ಲಿ. ಹನ್ನೊಂದು ತಿಂಗಳ ಸೋಮವಾರಗಳು ಆ ಗುಂಡಿಗೆ ಹೋದವು. ನೀರು ಬಂತು. ಮರುದಿನವೇ ಬಾವಿಗೆ ಕಪಿಲೆ ಕೂತಿತು. ಎತ್ತು ಜಗ್ಗಿದಂತೆಲ್ಲ ತೊಗಲಿನ ಚೀಲದಲ್ಲಿ ನೀರೆದ್ದು ನಾಗೇಂದ್ರಪ್ಪನ ಬಾಳೆಗೆ ಹರಿಯಿತು.

"ನಮ್ ಹೆಂಗಸ್ರು ಯಾವಾಗ ತುಂಬ್ಕಳಾದು ಗೌಡ್ರೆ?" ಎಂದು ಮುದ್ದಪ್ಪ ಕೇಳಿದ.

"ಸೋಮವಾರ ಕಪಿಲೆ ನಿಂತಿರ್ತೈತೆ. ಅವತ್ತು ತುಂಬ್ಕಳ್ಳಿ. ಬ್ಯಾಡ ಅಂದೋರ್ಯಾರು?"

ಸೋಮವಾರ ಹೆಂಗಸರು ಕಲ್ಲು ಹೊರುತ್ತಿದ್ದರು. ಮನೆಗೊಂದು ಆಳು ಎಂಬುದು ಎರಡಾಗಿತ್ತು, ಅರ್ಧ ದಿನ ಪೂರ್ತಿಯಾಗಿತ್ತು. ಈಗ ಕಟ್ಟುತ್ತಿದ್ದದ್ದು ಬಾವಿಯ ಸುತ್ತ ಗೋಡೆ.

"ಮೆಂಬರಪ್ಪಾ," ಎಂದು ಎದುರು ಗುಡಿಸಲಿನ ಮುದುಕಿ ಜುಂಜಮ್ಮ ಕೂಗುತ್ತಿದ್ದಳು, "ಮಂಗಳವಾರಾನೂ ಬರೆಸಿಬಿಡು. ಮನ್ಯಾಗೆ ಕುಂತು ಬ್ಯಾಸ್ರಾಗ್ತೈತೆ."

ಹೀಗಿರುವಾಗ ಒಂದು ಸೋಮವಾರ ಚಳ್ಳಕೆರೆಯಿಂದ ಅಮಲ್ದಾರರು ಕೆಲಸ ನೋಡಲು ಬರುವವರಿದ್ದರು. ಹಟ್ಟಿಯವರ ಕುಡಿಯುವ ನೀರಿನ ಬಾವಿ ಮುಗಿದಿದೆ ಎಂದು ಶಾನುಭೋಗ ಬರೆದಿಟ್ಟಿದ್ದ. ಮೆಂಬರ್ ಹೆಬ್ಬೆಟ್ಟು ಒತ್ತುವುದೊಂದು ಬಾಕಿ.

ಬೆಳಿಗ್ಗೆ ಮುದ್ದಪ್ಪ ಕೊಟ್ಟಿಗೆಯಲ್ಲಿ ಎತ್ತುಗಳ ಮೈ ತೊಳೆದ. ಹಣೆಗೆ ವಿಭೂತಿ ಬಳಿದ. ನೆನೆದ ಹುರುಳಿ ಇಟ್ಟ. ಕಲ್ಲುಬಾನಿಯ ತುಂಬ ನೀರು ತುಂಬಿಸಿದ. ಕಲ್ಲು ಹೊರಲು ಹೊರಟ ಪಾಲಮ್ಮ, ಒರತೆಯಲ್ಲಿ ತುಂಬದ ಬರಿಗೊಡ ಸೊಂಟದಲ್ಲಿಟ್ಟುಕೊಂಡು ಅಲ್ಲಿ ನಿಂತಳು.

"ಬಾನಿ ತುಂಬ ನೀರು, ದಿನವೆಲ್ಲ ನೆಳ್ಳು. ನಮ್ಮವ್ವ ನನ್ನ ಈ ಬಸವಣ್ಣಂಗಾದ್ರೂ ಕೊಟ್ಟಿದ್ರೆ ಸುಖವಾಗಿರ್ತಿದ್ದೆ. ಹೋಗಿ ಹೋಗಿ ಮೆಂಬರಿಗೆ ಕೊಟ್ಳು."

ಮುದ್ದಪ್ಪನಿಗೆ ನಗು ಬಂತು. ನಕ್ಕ. ನಗು ನಿಲ್ಲಲಿಲ್ಲ. ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಉಳಿದ ವಿಭೂತಿಯನ್ನು ತನ್ನ ಹಣೆಗೆ ಬಳಿದುಕೊಂಡ. ಎತ್ತಿನ ಗಂಟೆಯೊಂದನ್ನು ಕೊರಳಿಗೆ ಕಟ್ಟಿಕೊಂಡು ಎರಡರ ನಡುವೆ ಹುಲ್ಲಿನ ಮೇಲೆ ಕೂತ.

ನಾಗೇಂದ್ರಪ್ಪ ಓಡಿಬಂದ. "ಲೇ ಮುದ್ದ, ಏನ್ಲೇ ಇದು? ಅಮಲ್ದಾರ್ರು ಬರೋ ಹೊತ್ತಾತು, ಏಳೋ!"

"ಇವತ್ತು ಸೋಮವಾರ ಗೌಡ್ರೆ. ಹೂಡಂಗಿಲ್ಲ."

"ಯಾರ್ನ?"

"ಕೊಟ್ಟಿಗ್ಯಾಗೆ ಮೂರವೆ. ನೀವು ಎರಡಕ್ಕೇ ಬಿಡುವು ಕೊಟ್ಟಿದ್ರಿ."

ಜುಂಜಮ್ಮ ಇಣುಕಿ ನೋಡಿದಳು. ತಾನೂ ಹಣೆಗೆ ವಿಭೂತಿ ಎಳೆದುಕೊಂಡಳು. "ನಾನು ಗೊಡ್ಡಾಕಳು. ನಂಗೂ ಐತೆ ಸೋಮವಾರ," ಎಂದು ಕಾಲು ಚಾಚಿ ಕೂತಳು. ಆಮೇಲೆ ಒಬ್ಬೊಬ್ಬರೇ ಬಂದರು. ಕೊಟ್ಟಿಗೆ ತುಂಬಿತು, ಅಂಗಳ ತುಂಬಿತು. ವಿಭೂತಿ ಮುಗಿದು ಒಲೆಯ ಬೂದಿ ಬಂತು.

ಅಮಲ್ದಾರರು ಬಂದಾಗ ತೋಪಿನಲ್ಲಿ ಒಂದು ಸುತ್ತಿಗೆಯ ಸದ್ದೂ ಇರಲಿಲ್ಲ. ಹುಡುಕಿಕೊಂಡು ಕೊಟ್ಟಿಗೆಗೆ ಬಂದರು.

"ಯಾರಿವನು? ಹುಚ್ಚನೇ?"

"ಹುಚ್ಚಲ್ಲ ಬುದ್ಧಿ," ಎಂದ ಮುದ್ದಪ್ಪ, "ಮೆಂಬರು."

ಶಾನುಭೋಗ ಕಾಗದ ಚಾಚಿದ. ಮುದ್ದಪ್ಪ ಬೂದಿ ಮೆತ್ತಿದ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ಹಟ್ಟಿ ಬಾವಿ ಅಂತ ಬರ್ದೈತಂತೆ. ಹಂಗಾದ್ರೆ ಹಟ್ಟಿಯೋರು ಸೇದ್ಲಿ, ವಾರದ ಏಳೂ ದಿನ. ಆಮ್ಯಾಲೆ ಒತ್ತೀನಿ."

ಅಮಲ್ದಾರರು ನಾಗೇಂದ್ರಪ್ಪನ ಮುಖ ನೋಡಿದರು. ನಾಗೇಂದ್ರಪ್ಪ ಕಾಗದ ನೋಡಿದ. ಪಾಲಮ್ಮ ಯಾರನ್ನೂ ನೋಡಲಿಲ್ಲ. ಕೊಡ ಎತ್ತಿಕೊಂಡು ತೋಪಿನ ಕಡೆ ನಡೆದಳು. ಹಿಂದೆ ಇಪ್ಪತ್ತು ಕೊಡಗಳು ಹೋದವು.

"ವಿಚಾರಿಸೋಣ," ಎಂದು ಅಮಲ್ದಾರರು ಪಟೇಲನ ಮನೆಗೆ ಊಟಕ್ಕೆ ಹೋದರು. ಹೋಳಿಗೆ ಮಾಡಿಸಿದ್ದರಂತೆ.

ಮರುದಿನ ಕಪಿಲೆ ಹೊಡೆಯಲು ಆಳಿರಲಿಲ್ಲ. ನಾಗೇಂದ್ರಪ್ಪ ಹಟ್ಟಿಗೆ ಹೇಳಿಕಳಿಸಿದ. ಬಂದವರು ಹೆಂಗಸರು, ಕೊಡ ಹಿಡಿದುಕೊಂಡು.

"ಮುದ್ದ ಎಲ್ಲಿ? ಇವತ್ತು ಮಂಗಳವಾರ ಕಣ್ರೇ!"

"ಮನ್ಯಾಗೆ ಮೆಲುಕು ಹಾಕ್ತಾ ಅವ್ನೆ ಗೌಡ್ರೆ," ಎಂದಳು ಪಾಲಮ್ಮ, ಬಾವಿಗೆ ಹಗ್ಗ ಇಳಿಬಿಡುತ್ತ. "ಹಟ್ಟ್ಯಾಗೆ ಇನ್ನೂ ಸೋಮವಾರ."