ಕಾಲು ತಾಗದ ಸ್ಟೂಲು

ನಾನು ದಿನವೂ ಕೂತು ಟಪಾಲು ವಿಂಗಡಿಸುವ ಸ್ಟೂಲು ನಮ್ಮ ಅಮ್ಮನ ಕೆಲಸವನ್ನು ತಿಂದುಹಾಕಿದ ಸ್ಟೂಲು. ಹೀಗೆ ಹೇಳಿದರೆ ಜನ ನಗುತ್ತಾರೆ. ಮೊದಮೊದಲು ನನಗೂ ನಗು ಬರುತ್ತಿತ್ತು, ಈಗ ಹೊಟ್ಟೆ ಉರಿಯುತ್ತದೆ.

ಅಮ್ಮನ ಕಾಲದಲ್ಲಿ ವಿಂಗಡಿಸುವವರು ಪಾಳಿ ಮುಗಿಯುವವರೆಗೂ ನಿಂತೇ ಇರಬೇಕಿತ್ತು. ಗೂಡುಗಳಿರುವ ಕಪಾಟಿನ ಎದುರು ನಿಂತು, ಎಡಗೈಯಲ್ಲಿ ಕಾಗದದ ಕಟ್ಟು ಹಿಡಿದು, ಬಲಗೈಯಿಂದ ಒಂದೊಂದೇ ಕಾಗದವನ್ನು ಆಯಾ ಊರಿನ ಗೂಡಿಗೆ ಎಸೆಯಬೇಕು. ಕೂರಲು ಇದ್ದದ್ದು ಟಪಾಲು ತುಂಬಿದ ಚೀಲಗಳು ಮಾತ್ರ. ಅವುಗಳ ಮೇಲೆ ಯಾರೂ ಕೂರುವಂತಿರಲಿಲ್ಲ, ಕೂತವರು ಸೀದಾ ಮನೆಗೆ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನ ಕಾಲು ಬಾತುಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲವಂತೆ. ಒಂದು ದಿನ ಕಟ್ಟು ಕೆಳಗಿಟ್ಟು, ಮೊಹರು ಹಾಕಿದ ಚೀಲದ ಮೇಲೆ ಕೂತೇಬಿಟ್ಟಳು. ಮೇಲ್ವಿಚಾರಕ "ಏಳಮ್ಮ" ಅಂದ. "ಪಾಳಿ ಮುಗೀಲಿ, ಏಳ್ತೀನಿ" ಅಂದಳು. ಮಾರನೆಯ ದಿನ ಅವಳಿಗೆ ಕೆಲಸ ಇರಲಿಲ್ಲ.

ಅಲ್ಲಿಯವರೆಗೆ ನಮ್ಮ ಸಂಘ ಅಂದರೆ ಚಹಾ ಕುಡಿಯುತ್ತಾ ಸಾಹೇಬರನ್ನು ಬೈಯುವ ನಾಲ್ಕು ಜನ, ಅಷ್ಟೇ. ಅಮ್ಮನನ್ನು ತೆಗೆದ ಮೇಲೆ ಇಡೀ ಕಚೇರಿ ಕೆಲಸ ನಿಲ್ಲಿಸಿತು. ಬೇಡಿಕೆ ಎರಡೇ: ಅವಳನ್ನು ವಾಪಸ್ ತೆಗೆದುಕೊಳ್ಳಿ, ಎಲ್ಲರಿಗೂ ಸ್ಟೂಲು ಕೊಡಿ. ಮುಂದಾಳು ಕಹಳೆ. ಅವನು ಬಾಯಿ ತೆರೆದರೆ ಮೈಕು ಬೇಕಿರಲಿಲ್ಲ, ಅದಕ್ಕೇ ಆ ಹೆಸರು. ಚೀಲಗಳು ಬಾಗಿಲವರೆಗೂ ರಾಶಿ ಬಿದ್ದ ಮೇಲೆ ಮೇಲಿನವರು ಮಾತುಕತೆಗೆ ಕರೆದರು. ಸ್ಟೂಲು ಕೊಡ್ತೀವಿ, ಆದರೆ ಟಪಾಲಿನ ಮೇಲೆ ಕೂತವಳು ಬೇಡ ಅಂದರು. ಕಹಳೆ ಸಹಿ ಹಾಕಿ ನೇರ ನಮ್ಮ ಮನೆಗೆ ಬಂದ.

"ಅಕ್ಕಾ, ಕೈಗೆ ಬಂದದ್ದನ್ನ ಮೊದಲು ತಗೊಳ್ಳೋಣ. ನಿನ್ನ ವಿಷಯ ಮುಂದಿನ ಮಾತುಕತೇಲಿ ಎತ್ತೇ ಎತ್ತುತ್ತೀನಿ."

ಅಮ್ಮ ನಂಬಿದಳು. ಕಹಳೆ ಅಧ್ಯಕ್ಷನಾದ, ಮಾತುಕತೆಗಳು ಎಷ್ಟೋ ಆದವು, ಅಮ್ಮನ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಕೆಲಸವಿಲ್ಲದವಳು ಸಂಘದ ಸದಸ್ಯೆಯಾಗಿ ಉಳಿಯುವುದು ಹೇಗೆ ಅಂತ ಸದಸ್ಯತ್ವವನ್ನೂ ತೆಗೆದರು. ಅವಳು ಕಂಡವರ ಮನೆಯ ಪಾತ್ರೆ ತೊಳೆದು ನನ್ನನ್ನು ಸಾಕಿದಳು, ಅದೂ ನಿಂತುಕೊಂಡೇ.

ಪರೀಕ್ಷೆ ಬರೆದು ನಾನು ಅದೇ ಕಚೇರಿಗೆ ಸೇರಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು.

"ಆ ಸ್ಟೂಲು ಎಷ್ಟು ಎತ್ತರ ಇದೆಯೇ? ಕಾಲು ನೆಲಕ್ಕೆ ತಾಗುತ್ತಾ?"

"ಇಲ್ಲಮ್ಮ, ನೇತಾಡುತ್ತೆ."

"ನೋಡು, ಕೊಡೋವಾಗ ಕೂರೋರನ್ನ ಯಾರೂ ಕೇಳಿಲ್ಲ" ಅಂದಳು.

ಈ ವರ್ಷ ಸಂಘಕ್ಕೆ ಐವತ್ತು ತುಂಬಿತು. ಕಹಳೆಯೇ ಫೋನು ಮಾಡಿದ, "ಅಕ್ಕನ್ನ ಕರ್ಕೊಂಡು ಬಾ. ಆವತ್ತು ಆದದ್ದನ್ನೆಲ್ಲ ಈ ಸಲ ಹೇಳಿಬಿಡ್ತೀನಿ." ಅಮ್ಮ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಆದರೆ ಹೋಗುವ ಎರಡು ದಿನ ಮೊದಲೇ ಬಟ್ಟೆಗೆ ಇಸ್ತ್ರಿ ಹಾಕಿಟ್ಟಳು. ಕೆಲಸ ವಾಪಸ್ ಕೇಳುವ ವಯಸ್ಸು ಅವಳದ್ದಲ್ಲ. ನಿನ್ನನ್ನು ಕೈಬಿಟ್ಟೆವು ಅಂತ ಆ ಜನರ ಎದುರು ಅವನು ಒಮ್ಮೆ ಹೇಳಲಿ, ನೀನು ನಮ್ಮವಳು ಅನ್ನಲಿ, ಅವಳಿಗೆ ಬೇಕಿದ್ದದ್ದು ಅಷ್ಟೇ.

ಸಭಾಂಗಣದ ಕುರ್ಚಿಗಳೆಲ್ಲ ಆಗಲೇ ಭರ್ತಿ. ನಾವಿಬ್ಬರೂ ಹಿಂದೆ ಗೋಡೆಗೆ ಒರಗಿ ನಿಂತೆವು. ಪಕ್ಕದಲ್ಲೇ ಸಂಘದ ಇತಿಹಾಸದ ಪ್ರದರ್ಶನ: ಹಳೆಯ ಬಾವುಟ, ಫೋಟೋಗಳು, ಸುತ್ತ ಹಗ್ಗ ಕಟ್ಟಿ ನಡುವೆ ಇಟ್ಟ ಮೊಟ್ಟಮೊದಲ ಸ್ಟೂಲು. ಕಹಳೆಗೆ ಈಗ ಮೈಕು ಬೇಕು. ಮಾತು ಮಾತ್ರ ಅದೇ.

"ಒಬ್ಬ ಗರ್ಭಿಣಿ ಹೆಣ್ಣುಮಗಳಿಗೋಸ್ಕರ ನಾವು ಬೀದಿಗಿಳಿದೆವು. ಬಂಧುಗಳೇ, ಕೇಳಿದ್ದೆಲ್ಲ ಸಿಕ್ಕಿತು!"

ಚಪ್ಪಾಳೆ ಬಿತ್ತು. ಅಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಅವನು ಹೊಸ ಕಟ್ಟಡದ ವಿಷಯಕ್ಕೆ ಹೋದ. ಆಗ ಅವಳು ಹಗ್ಗ ಎತ್ತಿ ಒಳಗೆ ನುಸುಳಿ, ಆ ಸ್ಟೂಲು ಹತ್ತಿ ಕೂತಳು.

ಸ್ವಯಂಸೇವಕಿ ಓಡಿಬಂದಳು. "ಅಜ್ಜೀ, ಏಳಿ ಏಳಿ. ಅದು ಕೂರೋಕಲ್ಲ, ನೋಡೋಕೆ."

ತಲೆಗಳೆಲ್ಲ ಹಿಂದೆ ತಿರುಗಿದವು. ಕಹಳೆ ವೇದಿಕೆಯಿಂದ ಕಣ್ಣು ಕಿರಿದು ಮಾಡಿ ನೋಡಿದ. ಗುರುತು ಹತ್ತಿತು, ಮಾತು ಒಂದು ಕ್ಷಣ ತಡವರಿಸಿದ್ದನ್ನು ನಾನು ಕಂಡೆ. ಎದುರಿಗೆ ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿದ್ದ. ಕಹಳೆ ನಗುತ್ತಾ ಇಳಿದು ಬಂದು ಅಮ್ಮನ ಭುಜದ ಮೇಲೆ ಕೈಯಿಟ್ಟು ಸ್ವಯಂಸೇವಕಿಗೆ ಹೇಳಿದ.

"ಇರಲಿ ಬಿಡಮ್ಮ, ವಯಸ್ಸಾದವರು. ನಾನೇ ಅನುಮತಿ ಕೊಟ್ಟಿದ್ದೀನಿ, ಕೂತ್ಕೊಳ್ಳಲಿ."

ಮತ್ತೆ ಚಪ್ಪಾಳೆ ಬಿತ್ತು. ಅಮ್ಮ ಅವನ ಕೈ ಸರಿಸಿ ಕೆಳಗಿಳಿದಳು.

"ಅನುಮತಿ ಕೇಳಿ ಕೂರೋ ಹಾಗಿದ್ರೆ ಆವತ್ತೇ ಕೇಳ್ತಿದ್ದೆ ಕಣಪ್ಪ" ಅಂದಳು. ಚಪ್ಪಾಳೆಯಲ್ಲಿ ಅದು ಕೇಳಿಸಿದ್ದು ಅವನಿಗೆ ಮತ್ತು ನನಗೆ ಮಾತ್ರ.

ಮುಂದಿನ ತಿಂಗಳು ಸಂಘದ ಪತ್ರಿಕೆಯಲ್ಲಿ ಆ ಫೋಟೋ ಬಂತು: ಸ್ಟೂಲಿನ ಮೇಲೆ ಅಮ್ಮ, ಅವಳ ಭುಜದ ಮೇಲೆ ಕಹಳೆಯ ಕೈ. ಕೆಳಗೆ ಬರೆದಿತ್ತು: ಸಭೆಗೆ ಬಂದಿದ್ದ ವೃದ್ಧೆಯೊಬ್ಬರಿಗೆ ಆಸನ ಕಲ್ಪಿಸಿದ ಅಧ್ಯಕ್ಷರು. ಬಚ್ಚಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಕೈಯಿಂದ ಕಿತ್ತುಕೊಂಡು, ಕನ್ನಡಕ ಹಾಕಿಕೊಂಡು ಓದಿದಳು. ಫೋಟೋವನ್ನು ಬಹಳ ಹೊತ್ತು ನೋಡಿದಳು.

"ನೀನು ಹೇಳಿದ್ದು ನಿಜ ಕಣೇ" ಅಂದಳು. "ಕಾಲು ತಾಗೋದೇ ಇಲ್ಲ."